‘ಕಿಟಕಿ ಮುಚ್ಚಬೇಡ’ ಹಾಡಿನ ಮೂಲ

ನಮ್ಮ ಬೀದಿಯ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಹಿಂದೆ ನಿಂತಿರುವ ಮನುಷ್ಯನಿಗೆ ಜನ ಇಟ್ಟ ಹೆಸರು ಮೂಲಪುರುಷ. ಅವನಿಂದ ಯಾವ ವಂಶವೂ ಶುರುವಾಗಿಲ್ಲ, ಮಕ್ಕಳೇ ಇಲ್ಲ. ಆದರೆ ಲೋಕದ ಸಕಲ ಸಂಗತಿಗಳ ಮೂಲವನ್ನೂ ತಾನು ಬಲ್ಲೆನೆಂಬ ಧೈರ್ಯ ಅವನಿಗಿದೆ. ಕೋಟಿನ ತೋಳಿಗೆ ಗುಂಡಿ ಯಾಕೆ ಹೊಲಿಯುತ್ತಾರೆ ಎಂದು ಕೇಳಿದರೆ, ಹಿಂದೆ ಒಬ್ಬ ರಾಜನಿಗೆ ಸದಾ ನೆಗಡಿ ಇತ್ತು ಎಂದು ಆರಂಭಿಸುತ್ತಾನೆ. ಅದೇ ಪ್ರಶ್ನೆಯನ್ನು ಮರುದಿನ ಕೇಳಿದರೆ ರಾಜ ಹೋಗಿ ಹಡಗಿನ ಕಪ್ತಾನ ಬಂದಿರುತ್ತಾನೆ. ನೆಗಡಿ ಮಾತ್ರ ಹಾಗೆಯೇ ಇರುತ್ತದೆ. ಇದರಿಂದ ಯಾರಿಗೂ ಕೇಡಾಗಿರಲಿಲ್ಲ, ಅವನು ಮಾತಿನಲ್ಲಿ ಮೈಮರೆತಾಗ ಇಸ್ತ್ರಿಪೆಟ್ಟಿಗೆಯ ಕೆಳಗೆ ಸುಟ್ಟುಹೋದ ಅಂಗಿಗಳ ಒಡೆಯರನ್ನು ಬಿಟ್ಟರೆ.

ಕೇಡು ಬಂದದ್ದು ಒಂದು ಮೋಡದ ಬೆಳಗ್ಗೆ, ಪಕ್ಕದ ಕ್ಷೌರದಂಗಡಿಯ ರೇಡಿಯೋದ ಮೂಲಕ.

‘ಒದ್ದೆ ಬೆಂಕಿಪೊಟ್ಟಣ’ ಎಂಬ ಬ್ಯಾಂಡಿನ ಹಾಡುಗಾರ ತೀರಿಕೊಂಡನೆಂದು ರೇಡಿಯೋ ಹೇಳಿತು. ಈ ಬ್ಯಾಂಡು ನಮ್ಮ ಊರಿನದೇ. ಅದು ಮುಚ್ಚಿಹೋಗಿ ಒಂದು ತಲೆಮಾರೇ ಕಳೆದಿತ್ತು; ಉಳಿದಿದ್ದದ್ದು ‘ಕಿಟಕಿ ಮುಚ್ಚಬೇಡ’ ಎಂಬ ಒಂದೇ ಒಂದು ಹಾಡು. ರೇಡಿಯೋ ಅದನ್ನೇ ಹಾಕಿತು. ಕ್ಷೌರಿಕನಿಗೆ ಅಳು ಬಂತು. ಅವನ ಕೈಯಲ್ಲಿ ಕತ್ತಿ ಇತ್ತು, ಕತ್ತಿಯ ಕೆಳಗೆ ಔಷಧಿ ಅಂಗಡಿಯವರ ಕುತ್ತಿಗೆ ಇತ್ತು.

"ಅಳೋದಾದ್ರೆ ಕತ್ತಿ ಕೆಳಗಿಟ್ಟು ಅಳಪ್ಪಾ" ಎಂದರು ಔಷಧಿ ಅಂಗಡಿಯವರು, ಅರ್ಧ ಮುಖದ ನೊರೆಯ ನಡುವಿನಿಂದ.

"ಹ್ಯಾಗೆ ಅಳದೆ ಇರ‍್ಲಿ ಸಾರ್? ಒದ್ದೆ ಬೆಂಕಿಪೊಟ್ಟಣ! ಹೊತ್ತಿಕೊಳ್ಳಬೇಕು ಅನ್ನೋ ಆಸೆ ಇದೆ, ಹೊತ್ತಿಕೊಳ್ಳಲ್ಲ. ಅದು ಪ್ರೀತಿ ಸಾರ್. ಪ್ರೀತಿಗೇ ಇಟ್ಟ ಹೆಸರು ಅದು."

"ಪ್ರೀತೀನೂ ಇಲ್ಲ ಗೀತೀನೂ ಇಲ್ಲ. ಮಳೇಲಿ ಸಿಗರೇಟು ಹಚ್ಚಕ್ಕೆ ಹೋಗಿದ್ದಾರೆ, ಆಗಿಲ್ಲ, ಹೆಸರು ಇಟ್ಟಿದ್ದಾರೆ. ಆ ಹಾಡುಗಾರನಿಗೆ ದಮ್ಮು ಇತ್ತು, ನನ್ನ ಅಂಗಡೀಲೇ ಔಷಧಿ ತಗೋತಿದ್ದ. ಉಸಿರು ಕಟ್ಟೋನು ಏನಂತಾನೆ? ಕಿಟಕಿ ಮುಚ್ಚಬೇಡ ಅಂತಾನೆ. ಮುಗೀತು."

"ದಮ್ಮಿಗೆ ಹಾಡು ಬರೀತಾರಾ ಸಾರ್ ಯಾರಾದ್ರೂ? ಹಾಡು ಪೂರ್ತಿ ಬಸ್ಸು ಕಾಯೋನ ಕಥೆ. ಒಂದು ಕಡೇನೂ ಕಿಟಕಿ ಅನ್ನೋ ಮಾತೇ ಬರಲ್ಲ. ಅಂದ್ಮೇಲೆ ಆ ಹೆಸರಿನ ಹಿಂದೆ ಯಾರೋ ಇದ್ದಾರೆ."

ವಾದ ಏರುತ್ತಿದ್ದಂತೆ ಬಾಗಿಲಲ್ಲಿ ಮೂಲಪುರುಷ ಕಾಣಿಸಿಕೊಂಡ. ಕೈಯಲ್ಲಿ ಯಾರದೋ ಪ್ಯಾಂಟು ನೇತಾಡುತ್ತಿತ್ತು. ಮೂಲ ಎಂಬ ಪದಾರ್ಥದ ವಾಸನೆ ಅವನಿಗೆ ಗೋಡೆಯಾಚೆಯಿಂದಲೇ ತಟ್ಟುತ್ತದೆ.

"ಆ ಬ್ಯಾಂಡಲ್ಲಿ ಡ್ರಮ್ ಬಾರಿಸ್ತಿದ್ದೋರು ಯಾರು ಅಂತ ಗೊತ್ತಾ?" ಎಂದ ಅವನು. "ನಮ್ಮ ಭಾವ."

ಇದು ನಿಜ. ಅವನ ಹೆಂಡತಿಯ ಅಣ್ಣ ಹಿಂದೆ ಆ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದದ್ದು ಹೌದು. ಮೂಲಪುರುಷ ಇಲ್ಲಿಗೆ ಬಾಯಿ ಮುಚ್ಚಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ, ಅವನ ಹೆಂಡತಿಗೆ ನೆಗಡಿಯೂ ಬರುತ್ತಿರಲಿಲ್ಲ.

"ಓಹೋ! ಹಾಗಾದ್ರೆ ಹೇಳ್ರೀ, ಯಾವ ಕಿಟಕಿ?" ಎಂದು ಔಷಧಿ ಅಂಗಡಿಯವರು ಕುರ್ಚಿಯನ್ನೇ ತಿರುಗಿಸಿದರು.

ಮೂಲಪುರುಷನಿಗೆ ಗೊತ್ತಿರಲಿಲ್ಲ. ಅವನು ಎಂದೂ ಕೇಳಿರಲಿಲ್ಲ, ಭಾವ ಎಂದೂ ಹೇಳಿರಲಿಲ್ಲ. ಅವನು ಸಹಾಯಕ್ಕಾಗಿ ಬೀದಿಯ ಕಡೆ ನೋಡಿದ. ಎದುರಿಗೆ ಮೊದಲನೇ ಮಹಡಿಯಲ್ಲಿ ಅವನದೇ ಬಾಡಿಗೆ ಮನೆಯ ಕಿಟಕಿ ತೆರೆದುಕೊಂಡಿತ್ತು. ಅವನ ಬೆರಳು ತಾನಾಗಿಯೇ ಮೇಲೆದ್ದಿತು.

"ಅದೇ. ನಮ್ಮ ಭಾವ ಬ್ಯಾಂಡು ಬಿಟ್ಟು ಬಂದಮೇಲೆ ಹಾಡುಗಾರ ದಿನಾ ಆ ಕಿಟಕಿ ಕೆಳಗೆ ಬಂದು ನಿಲ್ತಿದ್ದ. ವಾಪಸ್ ಬಾರೋ ಗೆಳೆಯಾ ಅಂತ ಕೂಗ್ತಿದ್ದ. ನಮ್ಮ ಭಾವ ಮನಸ್ಸು ಗಟ್ಟಿ ಮಾಡ್ಕೊಂಡು ಕಿಟಕಿ ಮುಚ್ಚೋರು. ಅವನು ಕೆಳಗಿಂದ, ಮುಚ್ಚಬೇಡ, ಮುಚ್ಚಬೇಡ ಅಂತ…"

ಇಲ್ಲಿಗೆ ಬರುವಷ್ಟರಲ್ಲಿ ಮೂಲಪುರುಷ ತನ್ನ ಕಥೆಗೆ ತಾನೇ ಕರಗಿದ. ಕಣ್ಣಲ್ಲಿ ನೀರು ಬಂತು. ಕ್ಷೌರಿಕ ಬಿಕ್ಕಿದ. ಔಷಧಿ ಅಂಗಡಿಯವರು ಕೂಡ ತಮ್ಮ ದಮ್ಮಿನ ವಾದವನ್ನು ಕೈಬಿಟ್ಟು, ಉಳಿದರ್ಧ ಮುಖದ ಕ್ಷೌರವನ್ನು ಮೌನವಾಗಿ ಮಾಡಿಸಿಕೊಂಡರು.

ಸಂಜೆ ಅವನು ಮನೆಗೆ ಹೋದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನ್ರೀ ಇದು? ಕೆಳಗಿನ ಮನೆಯವರು ಬಂದು ನಮ್ಮ ಕಿಟಕಿ ಮುಟ್ಟಿ ನೋಡ್ಕೊಂಡು ಹೋದ್ರು. ಹಾಡು ಬಂದ ಎಷ್ಟೋ ವರ್ಷ ಆದಮೇಲೆ ಕಟ್ಟಿದ ಮನೆ ಇದು! ಆವಾಗ ಇಲ್ಲಿ ಖಾಲಿ ಜಾಗ ಇತ್ತು. ಇಲ್ಲದೆ ಇರೋ ಮನೇಲಿ, ಇಲ್ಲದೆ ಇರೋ ಕಿಟಕೀನ ನಮ್ಮಣ್ಣ ಹ್ಯಾಗ್ರೀ ಮುಚ್ಚಿದ?"

ಮೂಲಪುರುಷ ಇದನ್ನು ಯೋಚಿಸಿರಲಿಲ್ಲ. "ಅದು… ಭಾವಾರ್ಥದಲ್ಲಿ ಹೇಳಿದ್ದು" ಎಂದ.

"ಅಣ್ಣನ ಮುಂದೆ ಹೇಳಿ ನಿಮ್ಮ ಭಾವಾರ್ಥನ."

ಭಾವ ಕಿಟಕಿಯ ಪಕ್ಕದ ತನ್ನ ಕುರ್ಚಿಯಲ್ಲಿ ಕೂತಿದ್ದ. ಬ್ಯಾಂಡು ನಿಂತ ಮೇಲೆ ಗುಂಡಿ ಕಾರ್ಖಾನೆ ಸೇರಿ, ಹೆಂಡತಿ ಬಿಟ್ಟುಹೋದ ಮೇಲೆ ತಂಗಿಯ ಮನೆ ಸೇರಿ, ಈಗ ನಿವೃತ್ತನಾಗಿ ಆ ಕುರ್ಚಿ ಸೇರಿದ್ದ. ಡ್ರಮ್ಮಿನ ದಯೆಯಿಂದ ಒಂದು ಕಿವಿ ಸತ್ತೇ ಹೋಗಿತ್ತು. ಇನ್ನೊಂದು ಕಿವಿ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಹಾಡುಗಾರ ಸತ್ತ ಸುದ್ದಿ ಕೇಳಿದಾಗ ಅವನು "ಹೌದಾ" ಎಂದಷ್ಟೇ ಹೇಳಿ ಬೆಳಗಿನಿಂದ ಊಟ ಮುಟ್ಟಿರಲಿಲ್ಲ. ಮಣ್ಣಿಗೂ ಹೋಗಿರಲಿಲ್ಲ.

ಮೂಲಪುರುಷ ತಡವರಿಸುತ್ತ ಕಥೆಯನ್ನು ಇನ್ನೊಮ್ಮೆ ಹೇಳಿದ. ಭಾವ ಬೈಯಲಿಲ್ಲ.

"ಅವನು ಕರೆಯಕ್ಕೆ ಬಂದಿರ‍್ಲಿಲ್ಲ" ಎಂದ ಭಾವ. "ಒಂದ್ಸಲಾನೂ ಬರ‍್ಲಿಲ್ಲ. ನಾನೂ ಹೋಗ್ಲಿಲ್ಲ. ಜಗಳ ಗಿಗಳ ಏನಿರ‍್ಲಿಲ್ಲ, ಹಾಗೇ." ಬೀದಿಯ ಕಡೆ ತಿರುಗಿ, "ಬಂದಿದ್ರೆ ಚೆನ್ನಾಗಿರ‍್ತಿತ್ತು" ಎಂದ.

ಬೈದಿದ್ದರೆ ಮೂಲಪುರುಷ ತಡೆದುಕೊಳ್ಳುತ್ತಿದ್ದ. ಆ ರಾತ್ರಿ ಅವನು ತಟ್ಟೆ ಬಿಟ್ಟು ಎದ್ದ. ಬೆಳಗ್ಗೆ ಎದ್ದವನೇ ಕ್ಷೌರದಂಗಡಿಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎಂದು ಹೇಳಿಬಿಡಬೇಕು ಎಂದುಕೊಂಡ.

ಬೆಳಗ್ಗೆ ಎದ್ದು ನೋಡಿದರೆ ಕಿಟಕಿಯ ಕೆಳಗೆ ಹೂವು ಬಿದ್ದಿತ್ತು. ಮಧ್ಯಾಹ್ನಕ್ಕೆ ಹೂಗುಚ್ಛಗಳು ಬಂದವು, ಸಂಜೆಗೆ ಮೇಣದಬತ್ತಿ. ಬೋಳುತಲೆಯ, ಹೊಟ್ಟೆ ಬಂದ, ಒಂದು ಕಾಲದಲ್ಲಿ ಉದ್ದ ಕೂದಲು ಬಿಟ್ಟಿದ್ದಿರಬಹುದಾದ ಗಂಡಸರು ಬಂದು ತಲೆ ಎತ್ತಿ ನಿಂತರು. ಥಂಡಿ ಗಾಳಿ ಬೀಸುತ್ತಿತ್ತೆಂದು ಹೆಂಡತಿ ಕಿಟಕಿ ಮುಚ್ಚಲು ಹೋದಳು. ಕೆಳಗಿನಿಂದ ಎಲ್ಲರೂ ಒಂದೇ ದನಿಯಲ್ಲಿ ಕೂಗಿದರು:

"ಮುಚ್ಚಬೇಡ!"

ಅವಳು ಬೆದರಿ ಕೈ ತೆಗೆದಳು. ಕೆಳಗೆ ಚಪ್ಪಾಳೆ ಬಿತ್ತು. ಅಂದಿನಿಂದ ಆ ಮನೆಯಲ್ಲಿ ಕಿಟಕಿ ಮುಚ್ಚುವುದು ಸಾಧ್ಯವಾಗಲಿಲ್ಲ. ಹೆಂಡತಿ ಒಳಗೆ ಎರಡು ಸ್ವೆಟರ್ ಹಾಕಿಕೊಂಡು, ಮೂಗು ಕೆಂಪು ಮಾಡಿಕೊಂಡು, ಸೀನಿನ ನಡುವೆ ಗಂಡನ ಮೂಲವನ್ನು ಎತ್ತಿ ಆಡಿದಳು. ಭಾವ ಮಾತ್ರ ಕಂಬಳಿ ಹೊದ್ದು ಅದೇ ಕುರ್ಚಿಯಲ್ಲಿ ಕೂತಿದ್ದ. ಕೆಳಗಿನವರು ಅವನತ್ತ ಕೈ ಬೀಸಿದರೆ ಅವನು ಇನ್ನೊಂದು ಕಡೆ ನೋಡುತ್ತಿದ್ದ.

ಹೂವಿನ ಸುದ್ದಿ ಹಬ್ಬಿದ್ದು ಅರ್ಧ ಮಾತ್ರ. ಮನೆ ಮುಂದೆ ಹೂವಿದೆ, ಮೇಣದಬತ್ತಿ ಇದೆ, ಹಳೇ ಬ್ಯಾಂಡಿನವರು ಯಾರೋ ಹೋದರಂತೆ, ಇಷ್ಟೇ, ಊರಿನ ಇನ್ನೊಂದು ತುದಿಯಲ್ಲಿದ್ದ ಭಾವನ ದೊಡ್ಡಮ್ಮನ ಕಿವಿಗೆ ಬಿತ್ತು. ಅವರು ಬಸ್ಸಿಳಿದು ಬೀದಿಯ ತಿರುವಿನಿಂದಲೇ ಶುರುಮಾಡಿದರು.

"ಅಯ್ಯೋ ನನ್ನಪ್ಪಾ! ಎಂಥಾ ಬಂಗಾರದಂಥ ಮಗ! ಒಬ್ಬರಿಗೆ ಒಂದು ಮಾತು ಅಂದೋನಲ್ಲ! ನಮ್ಮ ವಂಶದಲ್ಲೇ ಇಂಥಾ ಬುದ್ಧಿವಂತ ಹುಟ್ಟಿರ‍್ಲಿಲ್ಲ!"

ಕೆಳಗೆ ನಿಂತವರು ಇದು ಹಾಡುಗಾರನ ಬಗ್ಗೆ ಎಂದುಕೊಂಡು ಟೋಪಿ ತೆಗೆದು ದಾರಿ ಬಿಟ್ಟರು. ದೊಡ್ಡಮ್ಮ ಮೆಟ್ಟಿಲು ಹತ್ತುವಾಗ ಹೊಗಳಿಕೆಯೂ ಮೆಟ್ಟಿಲಿನಂತೆ ಏರುತ್ತ ಹೋಯಿತು. ಬಾಗಿಲು ಬಡಿದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಬಾಗಿಲು ತೆಗೆದವನು ಭಾವನೇ.

ದೊಡ್ಡಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಸತ್ತಿಲ್ವೇನೋ?"

"ಇಲ್ಲ ದೊಡ್ಡಮ್ಮ."

"ಸತ್ತಿಲ್ಲ ಅಂತ ಒಂದು ಮಾತು ಹೇಳಿಕಳಿಸಕ್ಕೆ ಆಗಲ್ವೇನೋ ನಿನಗೆ? ಎರಡು ಬಸ್ಸು ಬದಲಾಯಿಸಿ ಬಂದಿದ್ದೀನಿ! ಹುಟ್ಟಿದಾಗಿನಿಂದ ಹೀಗೇ ನೀನು, ಬಾಯಿ ಬಿಡದ ಮೊದ್ದು!"

ಮೆಟ್ಟಿಲಿನುದ್ದಕ್ಕೂ ಕೊಟ್ಟ ಹೊಗಳಿಕೆಯನ್ನೆಲ್ಲ ಅವರು ನಿಂತ ನಿಲುವಿನಲ್ಲಿ ವಾಪಸು ತೆಗೆದುಕೊಂಡರು. ಲಾಂಡ್ರಿಯಿಂದ ಓಡಿ ಬಂದ ಮೂಲಪುರುಷನಿಗೆ ಉಳಿದದ್ದು ಸಿಕ್ಕಿತು. ದೊಡ್ಡಮ್ಮ ಟೀ ಕುಡಿದು, ಇಷ್ಟು ಥಂಡಿಯಲ್ಲಿ ಕಿಟಕಿ ತೆರೆದಿಟ್ಟ ಮನೆಯವರು ಬದುಕಿದ್ದೂ ಒಂದೇ ಸತ್ತಿದ್ದೂ ಒಂದೇ ಎಂದು ಹೇಳಿ ಹೊರಟರು.

ಮರುದಿನ ವಾರ್ಡ್ ಆಫೀಸಿನ ಅಧಿಕಾರಿ ಅಳತೆ ಟೇಪು ಹಿಡಿದು ಬಂದ. ಕಿಟಕಿಯ ಉದ್ದ ಅಗಲ ಅಳೆದ. ಅದರ ಕೆಳಗೆ ಒಂದು ಕಲ್ಲಿನ ಫಲಕ ಹಾಕುವುದೆಂದೂ, ಅದಕ್ಕೆ ಮುನ್ನ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆಯೆಂದೂ ತಿಳಿಸಿದ. ಮೂಲಪುರುಷ ಅವನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿದ.

"ಸಾರ್, ಒಂದು ತಪ್ಪಾಗಿದೆ. ಈ ಮನೆ ಕಟ್ಟಿದ್ದು ಹಾಡು ಬಂದಮೇಲೆ."

"ಗೊತ್ತು" ಎಂದ ಅಧಿಕಾರಿ.

"ಗೊತ್ತಾ?"

"ಕಟ್ಟಕ್ಕೆ ಅನುಮತಿ ಕೊಟ್ಟಿದ್ದೇ ನಮ್ಮ ಆಫೀಸು. ಆದ್ರೆ ಅದನ್ನ ಹೊರಗೆ ಹೇಳಬೇಡಿ. ಕಲ್ಲು ಕೆತ್ತಿಸಿ ಆಗಿದೆ."

ಹೀಗೆ ಸರ್ಕಾರವೇ ಸುಳ್ಳಿನ ಪರ ನಿಂತಾಗ, ಇಸ್ತ್ರಿ ಮಾಡುವ ಒಬ್ಬ ಬಡಪಾಯಿ ಒಂಟಿಯಾಗಿ ಸತ್ಯದ ಪರ ಎಷ್ಟು ಹೊತ್ತು ನಿಲ್ಲಬಲ್ಲ? ಮೂಲಪುರುಷ ಅಧಿಕಾರಿಗೂ ಟೀ ಕೊಟ್ಟು ಕಳಿಸಿದ.

ರಜೆಯ ದಿನ ಬೆಳಗ್ಗೆ ಮತ್ತೆ ಬಾಗಿಲು ಬಡಿಯಿತು. ಬೂದು ಬಣ್ಣದ ಕೋಟು ಹಾಕಿದ್ದ ಹಿರಿಯ ಹೆಂಗಸೊಬ್ಬರು ನಿಂತಿದ್ದರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವರನ್ನು ನೋಡಿದ್ದೇ ಭಾವ ಕಂಬಳಿ ಜಾರಿಸಿ ಎದ್ದುನಿಂತ. ಅವನು ಯಾರಿಗಾಗಿಯೂ ಹಾಗೆ ಎದ್ದದ್ದನ್ನು ಮೂಲಪುರುಷ ನೋಡಿರಲಿಲ್ಲ.

"ಬನ್ನಿ ಅತ್ತಿಗೆ" ಎಂದ ಭಾವ.

ಹಾಡುಗಾರನ ಹೆಂಡತಿ. ಅವರು ಒಳಗೆ ಬಂದು ಕಿಟಕಿಯ ಬಳಿ ಹೋಗಿ, ಚೌಕಟ್ಟನ್ನು, ಸರಳನ್ನು, ಚಿಲಕವನ್ನು ನೋಡಿದರು. ಆಮೇಲೆ ಮೂಲಪುರುಷನ ಕಡೆ ತಿರುಗಿದರು.

"ಈ ಹಾಡಿನ ಹೆಸರಿನ ಬಗ್ಗೆ ಎಲ್ಲಾ ಗೊತ್ತಿರೋರು ನೀವೇ ಅಂತೆ. ನನಗೂ ಹೇಳಿ. ನಮ್ಮನೆಯವರು ಒಬ್ಬೊಬ್ಬರಿಗೆ ಒಂದೊಂದು ಹೇಳೋರು. ರೇಡಿಯೋದವರಿಗೆ ತಾಯಿ ನೆನಪಲ್ಲಿ ಅಂದ್ರು. ನನಗೆ, ನಿನ್ನ ಬಗ್ಗೇನೇ ಅಂದ್ರು. ನನಗೆ ಗೊತ್ತು, ನನ್ನ ಬಗ್ಗೆ ಅಲ್ಲ. ಎದುರು ಮನೇಲಿ ಒಬ್ಬಳು ಹೊಲಿಗೆ ಟೀಚರ್ ಇದ್ದಳು. ಯಾವಾಗಲೂ ಕಿಟಕೀಲಿ ಕೂತು ಹೊಲೀತಿದ್ದಳು. ಅವಳಿಗೋಸ್ಕರ ಇಟ್ಟ ಹೆಸರು ಅಂತ ಮನೆ ಬದಲಾಯಿಸಿದೆ. ಅವಳಿಗೆ ಈಗ ಬಾಯಲ್ಲಿ ಹಲ್ಲಿಲ್ಲ, ನಾನು ಇವತ್ತಿಗೂ ಅವಳನ್ನ ಮಾತಾಡಿಸಲ್ಲ. ಇನ್ನು ಅವರೂ ಇಲ್ಲ. ನಿಜ ಏನು ಅಂತ ಹೇಳಿಬಿಡಿ. ಅವಳೇ ಆಗಿದ್ರೂ ಪರವಾಗಿಲ್ಲ."

ಮೂಲಪುರುಷನ ಬಾಯಿ ತೆರೆದುಕೊಂಡಿತು. ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಒಬ್ಬ ರಾಜನೋ ಕಪ್ತಾನನೋ ಬರಬೇಕಿತ್ತು. ಯಾರೂ ಬರಲಿಲ್ಲ. ಅವನು ನೆಲ ನೋಡಿದ.

"ನನಗೆ ಗೊತ್ತಿಲ್ಲಮ್ಮಾ. ನಾನು ಹೇಳಿದ್ದೆಲ್ಲ ಸುಳ್ಳು."

ಹೆಂಡತಿ ಸೀನುವುದನ್ನೂ ಮರೆತು ಗಂಡನನ್ನು ನೋಡಿದಳು.

ಆಗ ಭಾವ ಮಾತಾಡಿದ. ವರ್ಷಗಳಿಂದ ಉಪಯೋಗಿಸದ ಯಂತ್ರದಂತೆ ಅವನ ದನಿ ಮೊದಲು ಕಿರುಗುಟ್ಟಿತು.

"ರೆಕಾರ್ಡಿಂಗು ಒಂದು ಸೈಕಲ್ ಅಂಗಡಿ ಹಿಂದಿನ ಕೋಣೇಲಿ ಅತ್ತಿಗೆ. ಪಕ್ಕದಲ್ಲಿ ಬಟ್ಟೆಗೆ ಬಣ್ಣ ಹಾಕೋರು ಇದ್ರು, ವಾಸನೆ ತಡೆಯಕ್ಕೆ ಆಗ್ತಿರ‍್ಲಿಲ್ಲ. ಹಾಡು ಮುಗೀತು. ಹೆಸರು ಯಾರೂ ಯೋಚನೆ ಮಾಡಿರ‍್ಲಿಲ್ಲ. ರೆಕಾರ್ಡಿಂಗ್ ಮಾಡೋರು, ಇದರ ಹೆಸರೇನ್ರೀ ಅಂತ ಕೇಳಿದ್ರು. ಅದೇ ಹೊತ್ತಿಗೆ ಜೋರು ಗಾಳಿ ಬಂತು. ನಾನು ಕಿಟಕಿ ಹಾಕಕ್ಕೆ ಎದ್ದೆ. ವಾಸನೆಗೆ ಸಾಯ್ತೀವಿ ಕಣೋ ಅಂತ ಅವನು ನನ್ನ ಮೇಲೆ ಕೂಗಿದ, ಕಿಟಕಿ ಮುಚ್ಚಬೇಡ ಅಂತ. ಅವರು ಅದನ್ನೇ ಬರ‍್ಕೊಂಡ್ರು. ಲೇಬಲ್ ಅಚ್ಚಾಗಿ ಬಂದಮೇಲೇ ನಮಗೆ ಗೊತ್ತಾಗಿದ್ದು."

ಹೊರಗೆ ಮಳೆ ಹನಿಯುತ್ತಿತ್ತು. ಆ ಹೆಂಗಸು ಕುರ್ಚಿಯನ್ನು ಹಿಡಿದು ನಿಧಾನವಾಗಿ ಕೂತರು.

"ಇದನ್ನೇ ಹೇಳಿದ್ರು" ಎಂದರು. "ಮದುವೆಯಾದ ಹೊಸದರಲ್ಲಿ, ಮೊದಲನೇ ಸಲ ಕೇಳಿದಾಗ ಇದನ್ನೇ ಹೇಳಿದ್ರು. ಗಾಳಿ, ಬಣ್ಣದ ವಾಸನೆ, ಎಲ್ಲಾ. ನನ್ನನ್ನೇನು ದಡ್ಡಿ ಅಂದ್ಕೊಂಡಿದ್ದೀರಾ ಅಂತ ತಟ್ಟೆ ಎಸೆದೆ. ಇಂಥದನ್ನ ಯಾರು ನಂಬ್ತಾರೆ ಹೇಳಿ? ಆಮೇಲಿಂದ ಕೇಳಿದಾಗಲೆಲ್ಲ ಹೊಸಹೊಸದು ಹೇಳಕ್ಕೆ ಶುರುಮಾಡಿದ್ರು. ನಾನೂ ಕೇಳೋದು ಬಿಡಲಿಲ್ಲ. ಮನೇಲಿ ಈ ಹಾಡು ಶುರುವಾದ್ರೆ ಸಾಕು, ಜಗಳ ತೆಗೆದು ಆರಿಸಿಬಿಡ್ತಿದ್ದೆ." ಅವರು ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. "ಹಾಗಾದ್ರೆ ಇಷ್ಟು ವರ್ಷ ನಾನು ಜಗಳ ಆಡಿದ್ದು ಯಾತಕ್ಕೆ?"

ಮೂಲಪುರುಷನಿಗೆ ಅದನ್ನು ನೋಡಲಾಗಲಿಲ್ಲ. ಜಗಳ ಎಂಬ ಪದದ ಮೂಲವನ್ನು ಹೇಳಿಯಾದರೂ ಸಮಾಧಾನ ಮಾಡೋಣವೆಂದು ಬಾಯಿ ತೆರೆದ. ಹೆಂಡತಿ ಅವನ ಕಾಲು ತುಳಿದಳು. ಅವನು ಬಾಯಿ ಮುಚ್ಚಿದ. ಹೆಂಡತಿ ಹೋಗಿ ಆ ಹೆಂಗಸಿನ ಪಕ್ಕ ಕೂತಳು. ಒಬ್ಬರು ಅಳುತ್ತ, ಒಬ್ಬರು ಸೀನುತ್ತ, ಒಂದೇ ಟವೆಲ್ಲನ್ನು ಹಂಚಿಕೊಂಡು ಬಹಳ ಹೊತ್ತು ಕೂತಿದ್ದರು.

ಅವತ್ತೇ ಮೂಲಪುರುಷ ಕ್ಷೌರದಂಗಡಿಗೆ ಹೋದ. ಜೀವಮಾನದಲ್ಲಿ ಮೊದಲ ಬಾರಿಗೆ ಅವನ ಬಳಿ ಒಂದು ನಿಜವಾದ ಮೂಲವಿತ್ತು. ಸೈಕಲ್ ಅಂಗಡಿ, ಗಾಳಿ, ಲೇಬಲ್ಲು, ಒಂದಕ್ಷರ ಸೇರಿಸದೆ ಹೇಳಿದ. ಕ್ಷೌರಿಕನೂ ಔಷಧಿ ಅಂಗಡಿಯವರೂ ಮುಖ ಮುಖ ನೋಡಿಕೊಂಡರು.

"ಇದೇನ್ರೀ ಇದು, ತಲೆ ಇಲ್ಲ ಬುಡ ಇಲ್ಲ?" ಎಂದರು ಔಷಧಿ ಅಂಗಡಿಯವರು. "ನಿಮ್ಮ ನೆಗಡಿ ರಾಜನೇ ಎಷ್ಟೋ ವಾಸಿ."

"ನಮ್ಮ ಭಾವನೇ ಹೇಳಿದ್ದು! ಅವರೇ ಅಲ್ಲಿದ್ರು!"

"ಪಾಪ, ಹಿರಿಯರು" ಎಂದ ಕ್ಷೌರಿಕ. "ಗೆಳೆಯ ಕರೆದಾಗ ಹೋಗ್ಲಿಲ್ಲ ಅನ್ನೋ ಸಂಕಟಕ್ಕೆ ಏನೋ ಒಂದು ಕಟ್ಟಿ ಹೇಳಿದ್ದಾರೆ. ನಮಗೆ ನಿಜ ಗೊತ್ತಿದೆ ಬಿಡಿ."

"ಅಯ್ಯೋ, ಆ ನಿಜಾನ ಹೇಳಿದ್ದು ನಾನೇ ಕಣಪ್ಪಾ! ಸುಳ್ಳು ಹೇಳಿದ್ದೆ!"

"ಆವತ್ತು ನಿಮ್ಮ ಕಣ್ಣಲ್ಲಿ ನೀರಿತ್ತು" ಎಂದ ಕ್ಷೌರಿಕ ಗಂಭೀರವಾಗಿ. "ಇವತ್ತು ಇಲ್ಲ."

ಮೂಲಪುರುಷ ಲಾಂಡ್ರಿಗೆ ವಾಪಸಾದ.

ಶ್ರದ್ಧಾಂಜಲಿ ಸಭೆಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಹಾಡುಗಾರನ ಹೆಂಡತಿಗೆಂದು ಬಿಟ್ಟಿದ್ದ ಕುರ್ಚಿ ಖಾಲಿ ಇತ್ತು. ಅವರು ಹಿಂದಿನ ಸಾಲಿನಲ್ಲಿ ಭಾವನ ಪಕ್ಕ ಬಂದು ಕೂತಿದ್ದರು. ಭಾವನ ಇನ್ನೊಂದು ಪಕ್ಕ ಮೂಲಪುರುಷ ಮತ್ತು ಅವನ ಹೆಂಡತಿ. ವೇದಿಕೆಯ ಮೇಲೆ ವಾರ್ಡ್ ಆಫೀಸಿನ ಅಧಿಕಾರಿ, ಗೆಳೆಯನ ಕಿಟಕಿಯ ಕೆಳಗೆ ನಿಂತು ಕೂಗಿದ ಹಾಡುಗಾರನ ಕಥೆಯನ್ನು ಹೇಳಿದ. ಮೂಲಪುರುಷ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದ. ಅದರಲ್ಲೀಗ ಹಿಮ ಬೀಳುತ್ತಿತ್ತು, ಹಾಡುಗಾರನ ಕಾಲಿಗೆ ಚಪ್ಪಲಿ ಇರಲಿಲ್ಲ. ಸಭೆ ಅತ್ತಿತು. ಮೂಲಪುರುಷ ಕುರ್ಚಿಯಲ್ಲಿ ಕುಗ್ಗುತ್ತ ಕುಗ್ಗುತ್ತ ಮುಂದಿನವರ ಬೆನ್ನಿನ ಮರೆಗೆ ಇಳಿದುಹೋದ.

"ಏನು ಹೇಳ್ತಿದ್ದಾನೆ?" ಎಂದು ಭಾವ ಕೇಳಿದ.

"ನೀವು ಬರ‍್ಲಿಲ್ಲ ಅಂತ" ಎಂದರು ಹಾಡುಗಾರನ ಹೆಂಡತಿ.

ಭಾವ ತಲೆಯಾಡಿಸಿದ. "ಅದು ನಿಜಾನೇ" ಎಂದ.

ಆಮೇಲೆ ಹಾಡು ಹಾಕಿದರು. ಬಸ್ಸು ಕಾಯುವವನ ದನಿ ಸಭಾಂಗಣದಲ್ಲಿ ತುಂಬಿಕೊಂಡಿತು. ಮೊದಲನೇ ಚರಣ ಶುರುವಾದದ್ದೇ ಆ ಹೆಂಗಸು ಕೈಚೀಲ ಎತ್ತಿಕೊಂಡು ಅರ್ಧ ಎದ್ದರು. ಮೂಲಪುರುಷ ದಾರಿ ಬಿಡಲು ಕಾಲು ಮಡಚಿಕೊಂಡ. ಅವರು ಒಂದು ಕ್ಷಣ ಹಾಗೇ ನಿಂತು, ಮತ್ತೆ ಕೂತರು. ಭಾವ ಕಣ್ಣು ಮುಚ್ಚಿದ್ದ. ಅವನ ಬೆರಳುಗಳು ಮೊಣಕಾಲಿನ ಮೇಲೆ, ಎಲ್ಲೂ ತಪ್ಪದೆ, ಡ್ರಮ್ಮಿಗೆ ಸರಿಯಾಗಿ ನಡೆಯುತ್ತಿದ್ದವು.

ಹಾಡು ಮುಗಿಯಿತೆನ್ನುವ ಜಾಗದಲ್ಲಿ ಸ್ವಲ್ಪ ನಿಂತು, ಹಾಡುಗಾರ ಮತ್ತೆ ಉಸಿರೆಳೆದುಕೊಂಡು ಶುರುಮಾಡಿದ. ಹೆಂಗಸು ಬೆಚ್ಚಿ ಭಾವನ ತೋಳು ಹಿಡಿದರು.

"ಇದಕ್ಕೆ ಇನ್ನೂ ಒಂದು ಚರಣ ಇದೆಯಾ?"

"ಇದೆ ಅತ್ತಿಗೆ" ಎಂದ ಭಾವ. "ಯಾಕೆ, ನೀವು ಕೇಳಿರ‍್ಲಿಲ್ವಾ?"

"ಇಲ್ಲ" ಎಂದರು ಅವರು. "ಮನೇಲಿ ಈ ಹಾಡು ಇಷ್ಟು ದೂರ ಯಾವತ್ತೂ ಬಂದಿರ‍್ಲಿಲ್ಲ."